ಆ ‘ಯಾರೋ ಒಬ್ಬರು’ ನಾವೇ ಆಗೋಣ



ನಮ್ಮ ಮಕ್ಕಳು ಕನ್ನಡ ಓದಲು, ಬರೆಯಲು ಕಲಿತಿದ್ದಾರೆ. ಇದು ಹೆಮ್ಮೆಯ ದಿನ. ಈ ದಿನ ಪೋಷಕರ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ದುಬೈ, ಅಬುಧಾಬಿಯಂಥ ಊರಿನಲ್ಲಿ ಗುರುತಿಲ್ಲದವರೊಬ್ಬರು ದಾರಿಯಲ್ಲಿ ಕುಸಿದು ಬಿದ್ದರೆ ನಮ್ಮ ಮಕ್ಕಳು ಏನು ಮಾಡುತ್ತಾರೆ? ನಮ್ಮನ್ನು ನೋಡಿ ಏನು ಕಲಿತಿರುತ್ತಾರೆ?

2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಹತ್ತಿರ ನೆಲಮಂಗಲದ ಹೆದ್ದಾರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕನ ಮೇಲೆ ಲಾರಿ ಹರಿಯಿತು. ಆತ ಸಹಾಯಕ್ಕಾಗಿ ಕೂಗುತ್ತಿದ್ದಾಗ ಕೆಲವರು ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಿದ್ದರು. ಅಂಥ ಸ್ಥಿತಿಯಲ್ಲೂ ಆತ ಹೇಳಿದ್ದು, ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು. ಜೀವ ಉಳಿಯಲಿಲ್ಲ, ಕಣ್ಣುಗಳು ದಾನವಾದವು. ಮರುವರ್ಷ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರನೊಬ್ಬ ರಸ್ತೆಯಲ್ಲಿ ಒದ್ದಾಡುತ್ತಿದ್ದಾಗಲೂ ಸುತ್ತ ನಿಂತವರ ಕೈಯಲ್ಲಿ ಮೊಬೈಲ್ ಇತ್ತು. ಅಂದರೆ ಇದು ದೊಡ್ಡ ನಗರದ ರೋಗ ಮಾತ್ರವಲ್ಲ. ನಾಲ್ಕು ಜನ ಸೇರಿದಲ್ಲೆಲ್ಲ ಇದೆ.

ಸುತ್ತ ನಿಂತವರೆಲ್ಲ ಕಲ್ಲೆದೆಯವರೇ? ಅಲ್ಲ ಎನ್ನುತ್ತದೆ 1968ರಲ್ಲಿ ಅಮೆರಿಕದ ಡಾರ್ಲಿ ಮತ್ತು ಲಟಾನೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗ. ಬೇರೆ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಮೂರ್ಛೆ ಬಂದಂತೆ ಹೆಡ್‌ಫೋನಿನಲ್ಲಿ ದನಿ ಕೇಳಿಸಿದರು. ತಾನೊಬ್ಬನೇ ಕೇಳುತ್ತಿದ್ದೇನೆ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಕುಳಿತೇ ಇದ್ದವರಲ್ಲಿ ಹಲವರ ಕೈ ನಡುಗುತ್ತಿತ್ತು. ಕರುಣೆ ಇತ್ತು. ‘ಯಾರೋ ಒಬ್ಬರು ಹೋಗಿರುತ್ತಾರೆ’ ಎಂಬ ಎಣಿಕೆ ಅವರನ್ನು ಕಟ್ಟಿಹಾಕಿತ್ತು.

ಇನ್ನೊಂದು ಹಗ್ಗ ಭಯದ್ದು: ಪೊಲೀಸು, ಕೋರ್ಟು, ಆಸ್ಪತ್ರೆಯ ಬಿಲ್ಲು. ಈ ಭಯಕ್ಕೆ ಈಗ ಕಾನೂನಿನಲ್ಲೇ ಉತ್ತರವಿದೆ. ಹರೀಶ್ ಹೆಸರಿನಲ್ಲೇ ಕರ್ನಾಟಕ ಸರ್ಕಾರ ಸಾಂತ್ವನ ಯೋಜನೆ ತಂದು, ಅಪಘಾತವಾದವರಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು ಉಚಿತ ಮಾಡಿತು. ನೆರವಿಗೆ ಬಂದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಯನ್ನು 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಕಡ್ಡಾಯಗೊಳಿಸಿತು. ಯುಎಇ ಕೂಡ 2020ರಲ್ಲಿ ಕಾನೂನು ತಿದ್ದಿ, ಒಳ್ಳೆಯ ಉದ್ದೇಶದಿಂದ ನೆರವಾಗುವವರಿಗೆ ರಕ್ಷಣೆ ಕೊಟ್ಟಿದೆ. ಆದರೆ ಗಾಯಾಳುಗಳ ಫೋಟೋ, ವಿಡಿಯೋ ತೆಗೆದು ಹಂಚುವುದು ಇಲ್ಲಿ ಅಪರಾಧ. ಇದನ್ನು ಮಕ್ಕಳಿಗೆ ಮನೆಯಲ್ಲೇ ತಿಳಿಸಿ.

ಈ ನೆಲದಲ್ಲಿ ಒಳ್ಳೆಯ ಮಾದರಿಗಳಿಗೆ ಬರವಿಲ್ಲ. 2021ರ ಆಗಸ್ಟ್‌ನಲ್ಲಿ ದೇರಾದಲ್ಲಿ ಬಾಲ್ಕನಿಯಿಂದ ಬೀಳುತ್ತಿದ್ದ ಗರ್ಭಿಣಿ ಬೆಕ್ಕನ್ನು ದಾರಿಹೋಕರು ಬಟ್ಟೆ ಚಾಚಿ ಹಿಡಿದರು. ಆ ಕೆಲಸಕ್ಕೆ ಮೆಚ್ಚುಗೆ ಪಡೆದ ನಾಲ್ವರಲ್ಲಿ ಇಬ್ಬರು ಭಾರತದವರು, ಒಬ್ಬರು ಪಾಕಿಸ್ತಾನದವರು, ಒಬ್ಬರು ಮೊರಾಕೊದವರು. ಮರುವರ್ಷ ಅಲ್ ಕೂಝ್ ಸಿಗ್ನಲ್‌ನಲ್ಲಿ ಡೆಲಿವರಿ ಸವಾರರೊಬ್ಬರು ಬೈಕ್ ನಿಲ್ಲಿಸಿ, ರಸ್ತೆಗೆ ಬಿದ್ದಿದ್ದ ಕಾಂಕ್ರೀಟ್ ಇಟ್ಟಿಗೆಗಳನ್ನು ಎತ್ತಿ ಬದಿಗಿಟ್ಟರು. ಯುವರಾಜ ಶೇಖ್ ಹಮ್ದಾನ್ ಅವರೇ ಕರೆ ಮಾಡಿ ಬೆನ್ನು ತಟ್ಟಿದರು. ಇನ್ನು 2024ರ ಏಪ್ರಿಲ್ 16ರ ಮಳೆಯನ್ನು ನಾವ್ಯಾರೂ ಮರೆತಿಲ್ಲ. ನೀರು ನಿಂತ ರಸ್ತೆಗಳಲ್ಲಿ ಗುರುತಿಲ್ಲದವರನ್ನು ಗುರುತಿಲ್ಲದವರೇ ದಾಟಿಸಿದರು.

ಇಲ್ಲಿ ಹಲವು ಮನೆಗಳ ಕಾಂಪೌಂಡಿನ ಹೊರಗೆ ತಣ್ಣೀರಿನ ಯಂತ್ರ ಇಟ್ಟಿರುತ್ತಾರೆ. ಯಾರು ಬೇಕಾದರೂ ಕುಡಿಯಬಹುದು. ನಮ್ಮ ಊರಿನಲ್ಲಿ ಇದಕ್ಕೊಂದು ಚೆಂದದ ಹೆಸರಿದೆ: ಅರವಟ್ಟಿಗೆ. ಜಾತಿ, ಊರು ಕೇಳದೆ ದಾರಿಹೋಕರಿಗೆ ನೀರು ಕೊಡುವ ಚಪ್ಪರ. ಕರಾವಳಿಯ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಬೆಲ್ಲ, ನೀರು. ‘ಅರವಟ್ಟಿಗೆ’ ಎಂಬ ಪದವನ್ನು ಮಕ್ಕಳಿಗೆ ಬರೆಸಿದರೆ ಸಾಲದು. ಜುಲೈ ಬಿಸಿಲಿನಲ್ಲಿ ಪಾರ್ಸೆಲ್ ತಂದ ಹುಡುಗನಿಗೆ ಮಗುವಿನ ಕೈಯಿಂದಲೇ ಒಂದು ಲೋಟ ನೀರು ಕೊಡಿಸಿ. ಆ ಪದ ಮತ್ತೆ ಮರೆಯುವುದಿಲ್ಲ.

ಕರುಣೆಗೂ ಅಭ್ಯಾಸ ಬೇಕು. ಶಿಕ್ಷಕರು ತರಗತಿಯಲ್ಲಿ ಇದನ್ನೊಂದು ಪುಟ್ಟ ನಾಟಕ ಮಾಡಿಸಬಹುದು. ಜನ ಸೇರಿದಾಗ ‘ಯಾರಾದರೂ ಫೋನ್ ಮಾಡಿ’ ಎಂದು ಕೂಗಬಾರದು. ಒಬ್ಬರನ್ನೇ ನೋಡಿ, ‘ನೀಲಿ ಅಂಗಿಯ ಅಣ್ಣ, ನೀವು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ’ ಎನ್ನಬೇಕು. ಆಗ ಆ ‘ಯಾರೋ ಒಬ್ಬರಿಗೆ’ ಮುಖ ಬರುತ್ತದೆ. ಆಂಬ್ಯುಲೆನ್ಸ್ 998, ಪೊಲೀಸ್ 999. ದುಬೈಯಲ್ಲಾದರೆ ಕಟ್ಟಡದ ಬಾಗಿಲ ಬಳಿ ಇರುವ ಹತ್ತು ಅಂಕಿಯ ಮಕಾನಿ ಸಂಖ್ಯೆ ಓದಿ ಹೇಳಿದರೆ ಜಾಗ ಹುಡುಕುವುದು ಸುಲಭ. ಗಾಯಾಳುವನ್ನು ಎಳೆದಾಡಬಾರದು. ಚಿಕ್ಕ ಮಕ್ಕಳು ದೊಡ್ಡವರನ್ನು ಕರೆದರೆ ಸಾಕು, ಅದೂ ಸಹಾಯವೇ.

ಕೊನೆಯದಾಗಿ ಭಾಷೆಯ ಮಾತು. ನೋವಿನಲ್ಲಿ ಬಾಯಿಗೆ ಮೊದಲು ಬರುವುದು ತಾಯಿನುಡಿ. ಲೇಬರ್ ಕ್ಯಾಂಪಿನ ಕಾರ್ಮಿಕನೋ, ಮಗನ ಮನೆಗೆ ಬಂದು ಮಾಲ್‌ನಲ್ಲಿ ದಾರಿ ತಪ್ಪಿದ ಅಜ್ಜಿಯೋ ‘ಅಯ್ಯೋ ಅಮ್ಮಾ’ ಎಂದಾಗ, ಪಕ್ಕದಲ್ಲೊಂದು ಮಗು ‘ಹೆದರಬೇಡಿ ಅಜ್ಜಿ, ಇಲ್ಲಿ ಕೂತ್ಕೊಳ್ಳಿ, ನಾನಿದ್ದೀನಿ’ ಎಂದರೆ ಅದೇ ಅರ್ಧ ಔಷಧ. ಮಕ್ಕಳೇ, ನೀವು ಕಲಿತ ಕನ್ನಡ ಪರೀಕ್ಷೆಯ ಹಾಳೆಗಷ್ಟೇ ಅಲ್ಲ, ಅಂಥ ಒಂದು ಗಳಿಗೆಗೂ ಹೌದು.