ರೈಡಿಗೆ 30 ಸೆಕೆಂಡು, ಬ್ಯಾಕ್‌ಲಾಗಿಗೆ?

ಬಸ್ಸಲ್ಲಿದ್ದೀರೋ, ಬೆಳಗಿನ ಮೆಮು ಟ್ರೈನಲ್ಲಿ ಒಂದು ಕಾಲಲ್ಲಿ ನಿಂತಿದ್ದೀರೋ, ಊಟ ಮುಗಿಸಿ ಮಹಡಿ ಮೇಲೆ ಕೂತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಇಯರ್‌ಫೋನ್ ಸರಿ ಮಾಡ್ಕೊಳ್ಳಿ. ಇವತ್ತಿನ ವಿಷಯ ಕಾಲೇಜ್ ಟೀಮು. ಟೀಮಿನ ಟ್ರೋಫಿ ಅಲ್ಲ, ಆಟಗಾರರ ಮಾರ್ಕ್ಸ್ ಕಾರ್ಡು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಇದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಅನ್ನೋ ಹೆಸರು ಒಪ್ಪಿಕೊಳ್ತು, ನನ್ನ ಬಾಯಿಗೆ ಮಾತ್ರ ಇನ್ನೂ ರಾಮನಗರಾನೇ ಬರೋದು. ನಾನು ಓಡಾಡೋ ಕಾಲೇಜುಗಳಲ್ಲಿ ಟೀಮ್ ಅಂದ್ರೆ ಮೊದಲು ಕಬಡ್ಡಿ, ಆಮೇಲೆ ಖೋ ಖೋ, ವಾಲಿಬಾಲ್. ಕೊರೋನಾ ಬಂದು ಅಂತರ ಕಾಲೇಜು ಪಂದ್ಯಾಟಗಳು ನಿಂತಾಗ ಅದೆಷ್ಟೋ ಟೀಮು ಹಾಗೇ ಕರಗಿ ಹೋದ್ವು. ಸೀನಿಯರ್‌ಗಳು ಡಿಗ್ರಿ ಮುಗಿಸಿ ಹೊರಟ್ರು, ಜೂನಿಯರ್‌ಗಳಿಗೆ ಹೇಳಿಕೊಡೋಕೆ ಯಾರೂ ಉಳಿದಿರಲಿಲ್ಲ. ಈಗ ಒಂದೊಂದೇ ಕಾಲೇಜು ಮತ್ತೆ ಟೀಮ್ ಕಟ್ತಾ ಇದೆ. ಕಟ್ಟೋವಾಗಲೇ ಒಂದು ಪ್ರಶ್ನೆ ಬರುತ್ತೆ. ಆಡೋ ಹುಡುಗ ಪಾಸಾಗ್ಬೇಕಾ? ಪಾಸಾಗದಿದ್ರೆ ಅದರ ಲೆಕ್ಕ ಯಾರು ಕೊಡಬೇಕು, ಅವನೋ, ಅವನನ್ನ ಆಡಿಸಿದವರೋ?

ನನಗೆ ಪರಿಚಯದ ಒಬ್ಬ ಪಿ.ಡಿ. ಸರ್ ಇದ್ದಾರೆ. ದೈಹಿಕ ಶಿಕ್ಷಣ ನಿರ್ದೇಶಕರು ಅಂತ ಬೋರ್ಡಲ್ಲಿ ಇರುತ್ತಲ್ಲ, ಅವರೇ. ಕಾಲೇಜಿನ ಹೆಸರು ಹೇಳಬೇಡ ಅಂದಿದ್ದಾರೆ, ಹೇಳಲ್ಲ. ಅವರ ರೂಮಲ್ಲಿ ಎರಡು ರಿಜಿಸ್ಟರ್ ಇವೆ. ಒಂದು ಮೈದಾನದ್ದು, ಯಾರು ಬೆಳಗ್ಗೆ ಎಷ್ಟೊತ್ತಿಗೆ ಬಂದ, ಎಷ್ಟು ಸುತ್ತು ಓಡಿದ. ಇನ್ನೊಂದು ಕ್ಲಾಸಿಂದು. ವಾರಕ್ಕೊಂದು ಸಲ ಡಿಪಾರ್ಟ್‌ಮೆಂಟಿಗೆ ತಾವೇ ಹೋಗಿ ಅಟೆಂಡೆನ್ಸ್ ನೋಡಿ ಬರ್ಕೊಂಡು ಬರ್ತಾರೆ. ಎರಡೂ ಸರಿ ಇದ್ರೆ ಮಾತ್ರ ಮ್ಯಾಚು.

ಈ ನಿಯಮದ ಮೊದಲ ಏಟು ಬಿದ್ದಿದ್ದು ಟೀಮಿನ ಒಳ್ಳೆ ರೈಡರ್ ಮೇಲೇನೇ. ಮಾರನೇ ದಿನ ಸೆಮಿಫೈನಲ್, ಹುಡುಗನ ಕ್ಲಾಸ್ ಅಟೆಂಡೆನ್ಸ್ ಅರ್ಧಕ್ಕಿಂತ ಕಮ್ಮಿ. ಅವನು ಬಂದು ಹೇಳಿದ್ನಂತೆ, "ಸಾರ್, ನಾನು ಆಡಿದ್ರೆ ಗೆಲ್ತೀವಿ." ಸರ್ ಅಂದ್ರು, "ಗೊತ್ತು ಕಣಪ್ಪ. ಗೆದ್ದ ಮೇಲೆ?" ಅವನಿಲ್ಲದೆ ಟೀಮು ಸೋತಿತು. ಹಳೇ ವಿದ್ಯಾರ್ಥಿಗಳು ವಾಟ್ಸ್ಯಾಪ್ ಗ್ರೂಪಲ್ಲಿ ಸರ್‌ಗೆ ಬೈದದ್ದನ್ನ ಇಲ್ಲಿ ಓದೋ ಹಾಗಿಲ್ಲ.

"ಗೆದ್ದ ಮೇಲೆ?" ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡೋಣ. ಇದು ದುಡ್ಡಿನ ಪ್ರಶ್ನೆ, ನಾನು ಬಿ.ಕಾಂ. ಮಾಡಿದವನು, ದುಡ್ಡಿನ ಪ್ರಶ್ನೆ ಬಂದ್ರೆ ಕಿವಿ ನೆಟ್ಟಗಾಗುತ್ತೆ.

2014ರಲ್ಲಿ ಪ್ರೊ ಕಬಡ್ಡಿ ಶುರುವಾಯ್ತು. ಆರನೇ ಸೀಸನ್ನಿನ ಫೈನಲ್ 2019ರ ಜನವರಿಯಲ್ಲಿ, ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್ ಕಪ್ ಎತ್ತಿತು. ಆ ರಾತ್ರಿ ನಮ್ಮೂರಲ್ಲಿ ಹೊಡೆದ ಪಟಾಕಿ ನನಗೆ ನೆನಪಿದೆ. ಅಲ್ಲಿಂದ ಮೇಲೆ ಪ್ರತಿ ಹುಡುಗನ ತಲೆಯಲ್ಲೂ ಹರಾಜಿನ ಮೊತ್ತ ಓಡ್ತಾ ಇದೆ. ಆದ್ರೆ ಲೀಗಲ್ಲಿ ಇರೋದು ಇಡೀ ದೇಶಕ್ಕೆ 12 ತಂಡ. ಉಳಿದವರಿಗೆ ಕಬಡ್ಡಿ ಅನ್ನ ಕೊಡೋದು ಬೇರೆ ದಾರಿಯಲ್ಲಿ, ಅದರ ಹೆಸರು ಸ್ಪೋರ್ಟ್ಸ್ ಕೋಟಾ. ರೈಲ್ವೆ, ಪೊಲೀಸು, ಬ್ಯಾಂಕು. ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ನಮ್ಮ ಕರಾವಳಿಯ ಮಮತಾ ಪೂಜಾರಿ ಅವರೂ ರೈಲ್ವೆ ನೌಕರಿಯಲ್ಲಿ ಇದ್ದುಕೊಂಡೇ ಆಡಿದವರು.

ಈಗ ರೈಲ್ವೆಯ ಸ್ಪೋರ್ಟ್ಸ್ ಕೋಟಾ ನೋಟಿಫಿಕೇಶನ್ ತೆಗೆದು ವಿದ್ಯಾರ್ಹತೆಯ ಕಾಲಂ ನೋಡಿ. ಲೆವೆಲ್ 4 ಮತ್ತು 5ಕ್ಕೆ ಡಿಗ್ರಿ ಬೇಕು. ಲೆವೆಲ್ 2, 3ಕ್ಕೆ ಪಿಯುಸಿ. ಲೆವೆಲ್ 1ಕ್ಕೆ ಎಸ್ಸೆಸ್ಸೆಲ್ಸಿ ಅಥವಾ ಐಟಿಐ. ನಮ್ಮ ರಾಜ್ಯದ ಪೊಲೀಸ್ ಇಲಾಖೆಯಲ್ಲೂ ಮೆಟ್ಟಿಲು ಇದೇ ಥರ: ಸಿವಿಲ್ ಕಾನ್‌ಸ್ಟೇಬಲ್‌ಗೆ ಪಿಯುಸಿ, ಪಿಎಸ್‌ಐಗೆ ಡಿಗ್ರಿ. ಬಿ.ಪಿ.ಇಡಿ. ಮಾಡಿ ನೀವೇ ಪಿ.ಇ. ಸರ್ ಆಗ್ಬೇಕು ಅಂದ್ರೂ ಮೊದಲು ಡಿಗ್ರಿ. ಅಂದ್ರೆ ಕ್ರೀಡಾ ಸರ್ಟಿಫಿಕೇಟು ನಿಮ್ಮನ್ನ ಬಾಗಿಲ ತನಕ ಕರ್ಕೊಂಡು ಹೋಗುತ್ತೆ, ಯಾವ ಮಹಡಿಗೆ ಅನ್ನೋದನ್ನ ಮಾರ್ಕ್ಸ್ ಕಾರ್ಡ್ ಹೇಳುತ್ತೆ.

ನನ್ನ ಜೊತೆ ಓದಿದ ಒಬ್ಬ ಗೆಳೆಯ. ಮೂರು ವರ್ಷ ಕಾಲೇಜಿಗೆ ಆಡಿದ, ಯೂನಿವರ್ಸಿಟಿ ತಂಡಕ್ಕೂ ಹೋದ. ಸ್ಟೇಜ್ ಮೇಲೆ ಶಾಲು, ಹಾರ, ಫೋಟೋ. ಆರನೇ ಸೆಮಿಸ್ಟರ್ ಮುಗಿದಾಗ ಕೈಯಲ್ಲಿ ಐದು ಸಬ್ಜೆಕ್ಟ್ ಬ್ಯಾಕ್‌ಲಾಗ್. ಅವನು ಓದಿದ ಕಾಲೇಜಿನವರು ಮೂರು ವರ್ಷದಲ್ಲಿ ಒಂದು ಸಲಾನೂ ಕರೆದು ಕೇಳಿರಲಿಲ್ಲ. ಪದವಿ ಬೇಕಾದ ಪೋಸ್ಟಿಗೆ ಅರ್ಜಿ ಕರೆದಾಗ ಅವನ ಹತ್ರ ಸರ್ಟಿಫಿಕೇಟ್ ಫೈಲು ದಪ್ಪ ಇತ್ತು, ಡಿಗ್ರಿ ಇರಲಿಲ್ಲ. ಬ್ಯಾಕ್‌ಲಾಗ್ ಎಲ್ಲ ಕ್ಲಿಯರ್ ಆಗೋ ಹೊತ್ತಿಗೆ ಮೊಣಕಾಲು ಹೋಗಿತ್ತು. ಕಬಡ್ಡಿ ಆಡೋ ಮೊಣಕಾಲಿಗೂ ಎಕ್ಸ್‌ಪೈರಿ ಡೇಟ್ ಇರುತ್ತೆ, ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೂ 25ರ ವಯಸ್ಸಿನ ಗಡಿ ಇದೆ. ಈಗ ಅವನು ಲೋಡಿಂಗ್ ಗಾಡಿ ಓಡಿಸ್ತಾನೆ. ಕೆಲಸ ಕೆಲಸವೇ, ಅದರಲ್ಲಿ ನಾಚಿಕೆ ಏನಿಲ್ಲ. ಆದ್ರೆ ಅವನು ಆಡಿದ್ದು ಇದಕ್ಕಾಗಿ ಅಲ್ಲ.

ಮನೆಯಲ್ಲಿ ದೊಡ್ಡವರು ಒಂದು ಮಾತು ತೆಗೀತಾರೆ. "ಕುಂಬ್ಳೆ ಇಂಜಿನಿಯರಿಂಗ್ ಮಾಡ್ಲಿಲ್ವಾ? ಶ್ರೀನಾಥ್ ಮಾಡ್ಲಿಲ್ವಾ? ದ್ರಾವಿಡ್ ಬಿ.ಕಾಂ. ಅಲ್ವಾ?" ಹೌದು ದೊಡ್ಡಪ್ಪ, ಮಾಡಿದ್ರು. ಕುಂಬ್ಳೆ ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ, ದ್ರಾವಿಡ್ ಸೇಂಟ್ ಜೋಸೆಫ್ ಕಾಮರ್ಸ್ ಕಾಲೇಜು. ಆದ್ರೆ ಮೂವರು ಅಪರೂಪದವರ ಹೆಸರು ಹೇಳಿ ಮುನ್ನೂರು ಹುಡುಗರ ಬಾಯಿ ಮುಚ್ಚಿಸೋದು ಲೆಕ್ಕ ಅಲ್ಲ. ಅವರ ಕಾಲೇಜಲ್ಲಿ ಪಾಠ ಮಾಡೋರು ಇದ್ರು. ನಮ್ಮ ಎಷ್ಟೋ ಸರ್ಕಾರಿ ಕಾಲೇಜುಗಳು ನಡೀತಿರೋದು ಅತಿಥಿ ಉಪನ್ಯಾಸಕರ ಮೇಲೆ. ಅವರು ಸಂಬಳಕ್ಕೋಸ್ಕರ ಧರಣಿ ಕೂತ್ರೆ ಆ ತಿಂಗಳು ಸಬ್ಜೆಕ್ಟೇ ಇಲ್ಲ.

ಮತ್ತೆ ಆ ರೈಡರ್ ವಿಷಯಕ್ಕೆ ಬರ್ತೀನಿ. ಸೆಮಿಫೈನಲ್ ಸೋತ ಮೇಲೆ ಪಿ.ಡಿ. ಸರ್ ವಿಚಾರಿಸಿದಾಗ ಗೊತ್ತಾಗಿದ್ದು, ಹುಡುಗ ಬಿಡದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ನೈಟ್ ಶಿಫ್ಟ್ ಮಾಡ್ತಿದ್ದ. ಮನೆಯಲ್ಲಿ ರೇಷ್ಮೆ ಹುಳ ಸಾಕ್ತಾರೆ. ಗೂಡಿನ ರೇಟು ಬಿದ್ದ ತಿಂಗಳು ಅವನ ಸಂಬಳಾನೇ ಮನೆ ಖರ್ಚು. ಶಿಫ್ಟ್ ಮುಗಿಸಿ ನೇರ ಮೈದಾನಕ್ಕೆ ಬರ್ತಿದ್ದ, ಪ್ರ್ಯಾಕ್ಟೀಸ್ ಆದ ಮೇಲೆ ಮನೆಗೆ ಹೋಗಿ ಮಲಗ್ತಿದ್ದ. ಕ್ಲಾಸು ಬಿಟ್ಟದ್ದು ಸೋಮಾರಿತನದಿಂದ ಅಲ್ಲ, ದಿನದ 24 ಗಂಟೆಯಲ್ಲಿ ಕ್ಲಾಸಿಗೆ ಜಾಗ ಇರಲಿಲ್ಲ.

ಹಾಗಾದ್ರೆ ಅವನನ್ನ ಕೂರಿಸಿದ್ದು ತಪ್ಪಾ? ನನ್ನ ಪ್ರಕಾರ ಅಲ್ಲ. ಆದ್ರೆ ಕೂರಿಸಿ ಸುಮ್ಮನಾಗಿದ್ರೆ ತಪ್ಪಾಗ್ತಿತ್ತು. ಸರ್ ಸುಮ್ಮನಾಗಲಿಲ್ಲ. ಪ್ರ್ಯಾಕ್ಟೀಸನ್ನ ಬೆಳಗ್ಗೆಯಿಂದ ಸಂಜೆಗೆ ತಂದ್ರು. ಪ್ರ್ಯಾಕ್ಟೀಸಿಗೆ ಮುಂಚೆ ಒಂದು ಗಂಟೆ ಲೈಬ್ರರಿಯಲ್ಲಿ ಇಡೀ ಟೀಮು ಕೂರಬೇಕು, ಜೆರ್ಸಿ ಹಾಕ್ಕೊಂಡೇ ಕೂರಲಿ. ಶಿಫ್ಟ್ ಬದಲಾಯಿಸಿ ಕೊಡಿ ಅಂತ ಕಾಂಟ್ರ್ಯಾಕ್ಟರ್ ಹತ್ರ ತಾವೇ ಮಾತಾಡಿದ್ರು. ಪಾಠಕ್ಕೆ ಜನ ಬೇಕಲ್ಲ, ನನ್ನನ್ನ ಎಳ್ಕೊಂಡು ಹೋದ್ರು. ಎರಡು ತಿಂಗಳು ಶನಿವಾರ ನಾನು ಹನ್ನೆರಡು ಜನ ಕಬಡ್ಡಿ ಹುಡುಗರಿಗೆ ಕಾಸ್ಟ್ ಅಕೌಂಟಿಂಗ್ ಮಾಡಿದೆ. ಫಿಕ್ಸೆಡ್ ಕಾಸ್ಟ್ ಅಂದ್ರೆ ಮ್ಯಾಟ್ ಬಾಡಿಗೆ, ನೀವು ಆಡಿದ್ರೂ ಆಡದಿದ್ರೂ ಕೊಡಲೇಬೇಕು. ವೇರಿಯಬಲ್ ಅಂದ್ರೆ ಬಾಳೆಹಣ್ಣು, ಎಷ್ಟು ಜನ ಬರ್ತೀರೋ ಅಷ್ಟು. ಹಿಂದಿನ ಬೆಂಚಿಂದ ಒಬ್ಬ ಕೇಳಿದ, "ಅಣ್ಣ, ಔಟಾಗಿ ಹೊರಗೆ ಕೂತವನು ಯಾವ ಕಾಸ್ಟು?" ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಐಡಲ್ ಟೈಮ್ ಅಂತ ಆಮೇಲೆ ಹೊಳೀತು.

ಈಗ ಅಮೆರಿಕದ ವಿಷಯ ಸ್ವಲ್ಪ. ಅಲ್ಲಿ ಕಾಲೇಜ್ ಫುಟ್‌ಬಾಲು, ಬ್ಯಾಸ್ಕೆಟ್‌ಬಾಲು ದೊಡ್ಡ ವ್ಯಾಪಾರ. ಆಡಿ ಓದು ಕೆಟ್ಟವರ ಸಂಖ್ಯೆ ಜಾಸ್ತಿ ಆಗಿ, ಕಾಲೇಜು ಕ್ರೀಡೆ ನೋಡಿಕೊಳ್ಳೋ ಎನ್‌ಸಿಎಎ ಸಂಸ್ಥೆ 2003-04ರಿಂದ ಒಂದು ಅಳತೆ ತಂತು, ಎಪಿಆರ್ ಅಂತ. ಸ್ಕಾಲರ್‌ಶಿಪ್ ಪಡೆಯೋ ಪ್ರತಿ ಆಟಗಾರನಿಗೆ ಪ್ರತಿ ಸೆಮಿಸ್ಟರಿಗೆ ಎರಡು ಪಾಯಿಂಟ್. ಓದಲ್ಲಿ ಅರ್ಹತೆ ಉಳಿಸ್ಕೊಂಡ್ರೆ ಒಂದು, ಕಾಲೇಜು ಬಿಡದೆ ಉಳಿದ್ರೆ ಒಂದು. ಬಂದ ಪಾಯಿಂಟನ್ನ ಬರಬೇಕಿದ್ದ ಪಾಯಿಂಟಿಂದ ಭಾಗಿಸಿ ಸಾವಿರದಿಂದ ಗುಣಿಸಿ. 930ಕ್ಕಿಂತ ಕೆಳಗೆ ಬಂದ್ರೆ ಶಿಕ್ಷೆ.

ನಮ್ಮ ಕಬಡ್ಡಿ ಟೀಮಿಗೆ ಹಾಕಿ ನೋಡೋಣ. ಹನ್ನೆರಡು ಜನ, ಎರಡು ಸೆಮಿಸ್ಟರು, ಒಟ್ಟು 48 ಪಾಯಿಂಟ್. ಮೂರು ಹೋದ್ರೆ 937, ಬಚಾವ್. ನಾಲ್ಕು ಹೋದ್ರೆ 916, ಔಟ್. ಅಂದ್ರೆ ವರ್ಷದ ಕೊನೆಗೆ ಇಬ್ಬರು ಫೇಲಾಗಿ ಕಾಲೇಜನ್ನೂ ಬಿಟ್ರೆ ಸಾಕು, ಇಡೀ ಟೀಮು ಕೆಳಗೆ. ನಿಜದಲ್ಲಿ ಅವರು ನಾಲ್ಕು ವರ್ಷದ ಲೆಕ್ಕ ಸೇರಿಸಿ ನೋಡ್ತಾರೆ, ನಾನು ಸುಲಭಕ್ಕೆ ಒಂದು ವರ್ಷ ತಗೊಂಡೆ. ನನಗೆ ಇದರಲ್ಲಿ ಇಷ್ಟ ಆಗಿದ್ದು, ಶಿಕ್ಷೆ ಒಬ್ಬ ಹುಡುಗನಿಗೆ ಅಲ್ಲ, ತಂಡಕ್ಕೆ, ಕಾಲೇಜಿಗೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2011ರಲ್ಲಿ ರಾಷ್ಟ್ರೀಯ ಚಾಂಪಿಯನ್. ಎಪಿಆರ್ ಕಮ್ಮಿ ಅಂತ 2013ರಲ್ಲಿ ಅದೇ ತಂಡವನ್ನ ಟೂರ್ನಿಗೇ ಬಿಡಲಿಲ್ಲ. ಮಾರನೇ ವರ್ಷ, 2014ರಲ್ಲಿ, ವಾಪಸ್ ಬಂದು ಮತ್ತೆ ಚಾಂಪಿಯನ್ ಆದ್ರು.

ಅಲ್ಲೂ ಎಲ್ಲ ನೆಟ್ಟಗಿದೆ ಅಂತಲ್ಲ. ನಂಬರ್ ಬಂದ ಕಡೆ ನಂಬರ್ ಆಟ ಆಡೋರೂ ಬರ್ತಾರೆ, ಆಡಿಟ್ ಆಫೀಸಲ್ಲಿ ಆರು ತಿಂಗಳು ಕೂತವನಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ 18 ವರ್ಷ ಹೆಸರಿಗಷ್ಟೇ ಇದ್ದ ಕ್ಲಾಸುಗಳು ನಡೆದ್ವು. ಪಾಠ ಇಲ್ಲ, ಮೇಷ್ಟ್ರು ಇಲ್ಲ, ಕೊನೆಗೊಂದು ಪೇಪರ್ ಕೊಟ್ರೆ ಒಳ್ಳೆ ಗ್ರೇಡು. 2014ರ ತನಿಖಾ ವರದಿ ಪ್ರಕಾರ 3,100 ವಿದ್ಯಾರ್ಥಿಗಳು, ಹತ್ತಿರ ಹತ್ತಿರ ಅರ್ಧ ಆಟಗಾರರು. ಆಮೇಲೆ ಎನ್‌ಸಿಎಎ 2017ರಲ್ಲಿ ಆ ಕ್ಲಾಸುಗಳಿಗೋಸ್ಕರ ವಿಶ್ವವಿದ್ಯಾಲಯಕ್ಕೆ ಶಿಕ್ಷೆ ಕೊಡಲಿಲ್ಲ. ಆ ಕ್ಲಾಸು ಬರೀ ಆಟಗಾರರಿಗಲ್ಲ, ಎಲ್ಲರಿಗೂ ತೆರೆದಿತ್ತು ಅನ್ನೋದು ದೊಡ್ಡ ಸಬೂಬಾಯ್ತು. ಹುಡುಗರ ಕೈಗೆ ಸಿಕ್ಕಿದ್ದು ಓದದ ಓದು.

ನಮ್ಮಲ್ಲಿ ಏನಿದೆ? ವಿಶ್ವವಿದ್ಯಾಲಯಗಳಿಗೆ ಕ್ರೀಡೆಯ ದೊಡ್ಡ ಗೌರವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ. ಅದು ಪಂದ್ಯಗಳ ಸಾಧನೆಗೆ ಕೊಡೋದು. ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ 2022ರ ಏಪ್ರಿಲ್ 24ರಿಂದ ಮೇ 3ರ ತನಕ ಬೆಂಗಳೂರಲ್ಲೇ ನಡೀತು, ಜೈನ್ ವಿಶ್ವವಿದ್ಯಾಲಯ 20 ಚಿನ್ನದ ಜೊತೆ ಮೊದಲ ಸ್ಥಾನ. ಪದಕ ಪಟ್ಟಿಯಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರೇ ಕಾಲಂ. ನ್ಯಾಕ್‌ನವರು ಕಾಲೇಜಿಗೆ ಬಂದಾಗ ಒಂದು ಕಡೆ ಕ್ರೀಡಾ ಪ್ರಶಸ್ತಿ ಎಷ್ಟು ಅಂತ ಕೇಳ್ತಾರೆ, ಇನ್ನೊಂದು ಕಡೆ ಒಟ್ಟು ಪಾಸ್ ಪರ್ಸೆಂಟೇಜ್ ಕೇಳ್ತಾರೆ. ಪ್ರಶಸ್ತಿ ತಂದವರು ಪಾಸಾದ್ರಾ ಅನ್ನೋ ಕಾಲಂ ಎರಡರ ಮಧ್ಯೆ ಬಿದ್ದು ಹೋಗಿದೆ.

ಹಾಜರಾತಿ ನಿಯಮ ಅಂತೂ ಎಲ್ಲರಿಗೂ ಗೊತ್ತು, 75 ಪರ್ಸೆಂಟ್. ವಿಶ್ವವಿದ್ಯಾಲಯವನ್ನೋ ರಾಜ್ಯವನ್ನೋ ಪ್ರತಿನಿಧಿಸಿದ ದಿನಗಳಿಗೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಹಾಜರಾತಿ ಸಿಗುತ್ತೆ. ಬಹಳ ಜನ ಎಡವೋದು ಇಲ್ಲೇ. ಸಿಗೋದು ಪಂದ್ಯಕ್ಕೆ ಹೋದ ದಿನಕ್ಕೆ, ಪ್ರ್ಯಾಕ್ಟೀಸಿಗಲ್ಲ. ಹಾಜರಾತಿ ಸಿಕ್ಕಿದ್ರೂ ಆ ದಿನದ ಪಾಠ ಸಿಗಲ್ಲ. ರಿಜಿಸ್ಟರಲ್ಲಿ ಇದ್ದೀರಿ, ತಲೆಯಲ್ಲಿ ಚಾಪ್ಟರ್ ಇಲ್ಲ. ಇಂಟರ್ನಲ್ ಟೆಸ್ಟ್ ದಿನವೇ ಪಂದ್ಯ ಬಿದ್ರೆ ಮರುಟೆಸ್ಟ್ ಕೊಡೋದು ಬಿಡೋದು ಆ ಲೆಕ್ಚರರ್ ಮನಸ್ಸಿನ ಮೇಲೆ ನಿಲ್ಲುತ್ತೆ. ಕೆಲವರು ಕರೆದು ಕೊಡ್ತಾರೆ. ಕೆಲವರು "ಕಬಡ್ಡಿ ಆಡ್ಕೊಂಡಿರಪ್ಪ" ಅಂತಾರೆ. ಹೆಣ್ಣುಮಕ್ಕಳ ಟೀಮಿಗೆ ಇದರ ಜೊತೆ ಇನ್ನೊಂದು ಭಾರ ಇದೆ. ಒಂದು ಸಬ್ಜೆಕ್ಟ್ ಹೋದ್ರೂ ಮನೆಯಲ್ಲಿ ಮೊದಲು ನಿಲ್ಲಿಸೋದು ಆಟವನ್ನ. ಅವರ ಪಾಲಿಗೆ ಮಾರ್ಕ್ಸ್ ಕಾರ್ಡೇ ಮೈದಾನದ ಗೇಟ್ ಪಾಸು.

ಹಾಗಾಗಿ ಆಡೋರು ಕೇಳಿಸ್ಕೊಳ್ತಿದ್ರೆ, ಕೆಲಸದ ಮಾತು. ಪಂದ್ಯಕ್ಕೆ ಹೋಗೋ ಮುಂಚೆಯೇ ಪತ್ರ ಮಾಡಿಸ್ಕೊಳ್ಳಿ, ಬಂದ ಮೇಲೆ ಭಾಗವಹಿಸಿದ ಸರ್ಟಿಫಿಕೇಟಿನ ಜೆರಾಕ್ಸ್ ಪ್ರತಿ ಡಿಪಾರ್ಟ್‌ಮೆಂಟಿಗೂ ಕೊಟ್ಟು ಸೀಲ್ ಹಾಕಿಸಿ ಒಂದು ಕಾಪಿ ಇಟ್ಕೊಳ್ಳಿ. ಸೆಮಿಸ್ಟರ್ ಕೊನೆಗೆ ಓಡಾಡಿದ್ರೆ ಯಾರ ನೆನಪಲ್ಲೂ ನೀವು ಇರಲ್ಲ. ಬ್ಯಾಕ್‌ಲಾಗ್ ಇದ್ರೆ ಪರೀಕ್ಷೆ ಫೀಸಿನ ಕೊನೇ ದಿನಾಂಕ ಫೋನಲ್ಲಿ ಅಲಾರಂ ಹಾಕಿ, ಟೂರ್ನಿ ಮಧ್ಯೆ ಅದು ಮರೆತು ಹೋಗೋದು ಗ್ಯಾರಂಟಿ.

ಕಾಲೇಜು ನಡೆಸೋರು ಕೇಳಿಸ್ಕೊಳ್ತಿದ್ರೆ, ಒಂದೇ ಕೆಲಸ. ವಾರ್ಷಿಕೋತ್ಸವದ ವರದಿಯಲ್ಲಿ ಕಪ್ಪುಗಳ ಪಟ್ಟಿ ಓದ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ. ಈ ವರ್ಷ ಕಾಲೇಜಿಗೆ ಆಡಿದವರು ಇಷ್ಟು ಜನ, ಎಲ್ಲ ಸಬ್ಜೆಕ್ಟ್ ಪಾಸಾದವರು ಇಷ್ಟು, ಮಧ್ಯದಲ್ಲೇ ಬಿಟ್ಟವರು ಇಷ್ಟು. ಸ್ಟೇಜ್ ಮೇಲೆ, ಮೈಕಲ್ಲಿ, ಅಪ್ಪ ಅಮ್ಮಂದಿರ ಎದುರಿಗೆ ಓದಿ. ಪಿ.ಡಿ. ಸರ್‌ಗೆ ಈ ಮಾತು ಹೇಳಿದೆ. ಅವರು ನಕ್ಕು, "ನಮ್ಮ ಪ್ರಿನ್ಸಿಪಾಲರು ಒಪ್ಪಲಿ, ಮೊದಲ ವರ್ಷದ ನಂಬರ್ ಚೆನ್ನಾಗಿರಲ್ಲ ಕಣಪ್ಪ" ಅಂದ್ರು. ಚೆನ್ನಾಗಿರಲ್ಲ, ಸರಿ. ಹೊಸ ಟೀಮಿನ ಮೊದಲ ವರ್ಷದ ಸ್ಕೋರ್‌ಬೋರ್ಡೂ ಚೆನ್ನಾಗಿರಲ್ಲ, ಅದನ್ನ ಮುಚ್ಚಿಡ್ತೀವಾ?

ಆ ರೈಡರ್ ಏನಾದ ಅಂತ ಕೇಳ್ತೀರಿ. ಈಗ ಡೇ ಶಿಫ್ಟ್, ವಾರಕ್ಕೆ ಮೂರು ದಿನ. ಹೋದ ಸೆಮಿಸ್ಟರಿನ ಎರಡು ಸಬ್ಜೆಕ್ಟ್ ಇನ್ನೂ ಬಾಕಿ, ಅದರಲ್ಲಿ ಕಾಸ್ಟ್ ಅಕೌಂಟಿಂಗ್ ಇಲ್ಲ. ಹೋದ ವಾರ ಆಡಿದ. ನಿಮ್ಮ ಕಾಲೇಜಲ್ಲಿ ಆಡಿದವರ ರಿಸಲ್ಟ್ ಯಾರಾದ್ರೂ ಬರೆದಿಡ್ತಾರಾ, ಇಲ್ವಾ, ನನಗೊಂದು ವಾಯ್ಸ್ ನೋಟ್ ಕಳಿಸಿ. ಹೆಸರು ಬೇಡ, ಕಾಲೇಜೂ ಬೇಡ, ತಾಲೂಕು ಹೇಳಿದ್ರೆ ಸಾಕು.