ಬಿಸಿಲಿನಲ್ಲಿ ಬೇಯುವ ಅಡುಗೆ: ತೆಂಗಿನ ಸೀಮೆಗೆ ಸೌರ ಒಲೆ
(ದಬ್ಬೇಘಟ್ಟದ ರೈತ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣ)



ಕಣದ ರಾಗಿಯನ್ನೂ ಅಂಗಳದ ಹಪ್ಪಳ ಸಂಡಿಗೆಯನ್ನೂ ಒಣಗಿಸುವ ಬಿಸಿಲು ದಬ್ಬೇಘಟ್ಟದವರಿಗೆ ಹೊಸದಲ್ಲ. ಅದೇ ಬಿಸಿಲಿನಿಂದ ಅನ್ನ, ಬೇಳೆಗಳನ್ನೂ ಬೇಯಿಸಬಹುದು.

ತೆಂಗಿನ ಗರಿ, ಮಟ್ಟೆ, ಚಿಪ್ಪುಗಳಿಗೆ ಕೊರತೆಯಿಲ್ಲದ ಸೀಮೆಯಲ್ಲಿ ಸೌರ ಒಲೆ ಏಕೆ ಎಂಬ ಪ್ರಶ್ನೆ ಸಹಜ. ಗರಿ ಮತ್ತು ಮಟ್ಟೆಯನ್ನು ತೆಂಗಿನ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ತೇವ ಉಳಿಯುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಚಿಪ್ಪಿನ ಇದ್ದಿಲಿಗೆ ಬೆಲೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಗೆ ಗೃಹಿಣಿಯ ಕಣ್ಣು ಮತ್ತು ಶ್ವಾಸಕೋಶಕ್ಕೆ ಹಾನಿಕರ. 1974ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗವು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದಾಗ, ಹಳ್ಳಿಯ ಇಂಧನದಲ್ಲಿ ಸೌದೆಯದೇ ದೊಡ್ಡ ಪಾಲು, ಅದರಲ್ಲಿ ಹೆಚ್ಚಿನದು ಅಡುಗೆಗೇ ಹೋಗುತ್ತದೆ ಎಂಬುದು ಕಂಡುಬಂದಿತು. ಇಂದು ಅಡುಗೆ ಅನಿಲ ಬಂದಿದ್ದರೂ ಅನೇಕ ಮನೆಗಳಲ್ಲಿ ಸೌದೆ ಒಲೆ ಆರಿಲ್ಲ.

ಬಿಸಿಲನ್ನು ಗಾಜಿನ ಪೆಟ್ಟಿಗೆಯಲ್ಲಿ ಹಿಡಿಯುವ ಪ್ರಯೋಗ ಹಳೆಯದು. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1767ರಲ್ಲೇ ಇಂಥ ಪೆಟ್ಟಿಗೆ ಮಾಡಿದ್ದನು. 1878ರ ಹೊತ್ತಿಗೆ ಮುಂಬಯಿಯಲ್ಲಿ ಆಡಮ್ಸ್ ಎಂಬುವರು ಕನ್ನಡಿಗಳ ಒಲೆಯಲ್ಲಿ 7 ಮಂದಿ ಸೈನಿಕರ ಊಟ ಬೇಯಿಸಿದ್ದರು. ಪೆಟ್ಟಿಗೆ ಮಾದರಿಯ ಸೌರ ಒಲೆಯನ್ನು ಪ್ರಚಾರಕ್ಕೆ ತರುವ ಕಾರ್ಯಕ್ರಮವನ್ನು ಭಾರತ ಸರ್ಕಾರ 1980ರ ದಶಕದ ಆರಂಭದಲ್ಲಿ ಕೈಗೊಂಡಿತು. ಆದರೆ ಕೊಂಡು ತಂದ ಒಲೆ ಕೆಲವೇ ದಿನಗಳಲ್ಲಿ ಅಟ್ಟ ಸೇರುವುದುಂಟು. ಅದರ ಗುಣ ತಿಳಿಯದೆ, ಸೌದೆ ಒಲೆಯಂತೆಯೇ ಅದನ್ನು ಬಳಸಲು ಹೊರಡುವುದೇ ಇದಕ್ಕೆ ಮುಖ್ಯ ಕಾರಣ.

ಒಲೆಯ ರಚನೆ ಸರಳ. ಒಳಗೆ ಕಪ್ಪು ಬಳಿದ ತಗಡಿನ ತಟ್ಟೆ, ಮೇಲೆ ಎರಡು ಪದರ ಗಾಜು, ಸುತ್ತ ಶಾಖ ಹೊರಹೋಗದಂತೆ ತುಂಬಿದ ಹತ್ತಿಯಂತಹ ವಸ್ತು, ಮುಚ್ಚಳದ ಒಳಬದಿಗೆ ಕನ್ನಡಿ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ. ಕಪ್ಪು ತಟ್ಟೆ ಅದನ್ನು ಹೀರಿ ಬಿಸಿಯಾಗುತ್ತದೆ. ಆ ಶಾಖವನ್ನು ಗಾಜು ಸುಲಭವಾಗಿ ಹೊರಬಿಡುವುದಿಲ್ಲ. ಮನೆಯಲ್ಲೇ ಮಾಡುವವರು ಚೆನ್ನಾಗಿ ಒಣಗಿದ ತೆಂಗಿನ ನಾರು ಅಥವಾ ಭತ್ತದ ಹೊಟ್ಟನ್ನು 2 ಅಂಗುಲ ದಪ್ಪ ತುಂಬಬಹುದು. ನೀರು ಇಳಿಯದಂತೆ ನೋಡಿಕೊಳ್ಳಬೇಕು.

ಇದರ ಶಕ್ತಿ ಎಷ್ಟು? ಅರ್ಧ ಮೀಟರ್ ಚೌಕದ ಗಾಜಿನ ಮೇಲೆ ಒಳ್ಳೆಯ ಮಧ್ಯಾಹ್ನದಲ್ಲಿ ಸುಮಾರು 250 ವ್ಯಾಟ್ ಬಿಸಿಲು ಬೀಳುತ್ತದೆ. ಪಾತ್ರೆಗೆ ಸೇರುವುದು ಸುಮಾರು 100 ವ್ಯಾಟ್ ಎಂದು ಹಿಡಿದರೆ, 2 ಲೀಟರ್ ನೀರು 95 ಡಿಗ್ರಿಗೆ ಏರಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ನಿಧಾನವಾದರೂ ನಷ್ಟವಿಲ್ಲ. ಸುಮಾರು 800 ಮೀಟರ್ ಎತ್ತರದ ಈ ಸೀಮೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಆವಿ ಮಾತ್ರ ಹೆಚ್ಚುತ್ತದೆ. ಅಕ್ಕಿ, ಬೇಳೆಗಳು 90 ಡಿಗ್ರಿಯ ಮೇಲೆ ನಿಂತರೆ ಸಾಕು, ಬೇಯುತ್ತವೆ.

ಆದ್ದರಿಂದ ಅನ್ನ, ತೊಗರಿಬೇಳೆ, ನೆನೆಸಿದ ಹೆಸರುಕಾಳು, ತರಕಾರಿ, ಗೆಣಸು ಇದಕ್ಕೆ ಹೊಂದುತ್ತವೆ. ಮುದ್ದೆಗೆ ಬಿರುಸಾದ ಕುದಿ ಮತ್ತು ಕೋಲಿನ ತಿರುವು ಬೇಕು. ರೊಟ್ಟಿಗೆ ಕಾದ ಹೆಂಚು ಬೇಕು. ಒಗ್ಗರಣೆಗೆ ಕಾದ ಎಣ್ಣೆ ಬೇಕು. ಇವು ಒಲೆಯ ಮೇಲೆಯೇ ಆಗಬೇಕು.

ಬಳಸುವಾಗ ಗಮನಿಸಬೇಕಾದ ಅಂಶಗಳು:

1. ಒಲೆಗೆ ತೋಟ ತಕ್ಕ ಜಾಗವಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ 50 ಅಡಿ ಮರದ ನೆರಳು ನಡು ಮಧ್ಯಾಹ್ನವೂ ಉತ್ತರಕ್ಕೆ ಸುಮಾರು 36 ಅಡಿ ಚಾಚುತ್ತದೆ. ಕಣ ಅಥವಾ ತಾರಸಿ ಒಳ್ಳೆಯದು.

2. ಖಾಲಿ ಒಲೆಯನ್ನು ಅರ್ಧ ಗಂಟೆ ಬಿಸಿಲಿಗಿಟ್ಟು, 10 ಗಂಟೆಯ ಒಳಗೆ ಪಾತ್ರೆಗಳನ್ನು ಇಡಬೇಕು. ಹೊರಮೈಗೆ ಕಪ್ಪು ಬಳಿದ, ಮುಚ್ಚಳವಿರುವ, ಅಗಲ ತಳದ ಪಾತ್ರೆಗಳು ಉತ್ತಮ. ಆವಿ ಕಡಿಮೆ ಹೋಗುವುದರಿಂದ ನೀರು ಸ್ವಲ್ಪ ಕಡಿಮೆ ಸಾಕು.

3. ಅರ್ಧ ಗಂಟೆಗೊಮ್ಮೆ ಕನ್ನಡಿಯ ಬೆಳಕು ಗಾಜಿನ ಮೇಲೆ ಬೀಳುವಂತೆ ಒಲೆಯನ್ನು ತಿರುಗಿಸಬೇಕು. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ತುಸು ಉತ್ತರಕ್ಕಿರುತ್ತಾನೆ. ಕನ್ನಡಿಯನ್ನು ದಿಟ್ಟಿಸಿ ನೋಡಬಾರದು.

4. ಬೆಂದಿದೆಯೇ ಎಂದು ಪದೇ ಪದೇ ಮುಚ್ಚಳ ತೆಗೆದರೆ ಶಾಖ ಹೋಗಿ ಅಡುಗೆ ತಡವಾಗುತ್ತದೆ. ಗಾಜಿನ ಧೂಳನ್ನು ದಿನವೂ ಒರೆಸಬೇಕು. ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ಎತ್ತಬೇಕು.

5. ಮೋಡ ಕವಿದರೆ ಅರೆಬೆಂದ ಆಹಾರವನ್ನು ಉಗುರು ಬೆಚ್ಚಗೆ ಬಿಡದೆ ಕೂಡಲೇ ಒಲೆಯ ಮೇಲೆ ಪೂರ್ತಿ ಬೇಯಿಸಬೇಕು. ಇಲ್ಲವಾದರೆ ಕೆಟ್ಟು ಕಾಯಿಲೆ ತರಬಹುದು.

ಜನವರಿಯಿಂದ ಮೇ ತನಕದ ನಿರ್ಮಲ ಬಿಸಿಲು ಇದಕ್ಕೆ ಸುಗ್ಗಿಯ ಕಾಲ. ಮಳೆಗಾಲದಲ್ಲಿ ಸೌರ ಒಲೆಯನ್ನೇ ನೆಚ್ಚಲಾಗದು. ಬೆಳಗಿನ ಉಪಾಹಾರವೂ ಇದರಿಂದಾಗದು. ಆದರೆ ಹೊಲಕ್ಕೆ ಹೋಗುವ ಮುನ್ನ ಅಕ್ಕಿ, ಬೇಳೆ ಇಟ್ಟು, ಒಲೆ ತಿರುಗಿಸುವ ಕೆಲಸವನ್ನು ಮನೆಯಲ್ಲಿರುವ ಹಿರಿಯರಿಗೆ ವಹಿಸಿದರೆ, ಮಧ್ಯಾಹ್ನ 1 ಗಂಟೆಗೆ ಸೀಯದ, ಹೊಗೆ ವಾಸನೆಯಿಲ್ಲದ ಊಟ ಸಿದ್ಧವಿರುತ್ತದೆ. ಮೊದಲ ವಾರ ಅನ್ನ ಮಾತ್ರ ಮಾಡಿ, ಮನೆಯ ಜಾಗಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತುಮಾಡಿಕೊಂಡು, ನಂತರ ಬೇಳೆ ಕಾಳುಗಳಿಗೆ ಕೈಹಾಕುವುದು ಲೇಸು.