ತರ್ಕವೂ ರಾಜ್ಯಾಂಗದ ಅರ್ಥವೂ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ನಿರ್ಣಯಿಸುತ್ತೇವೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ. ನ್ಯಾಯಶಾಸ್ತ್ರದ ಈ ಉದಾಹರಣೆಯನ್ನು ನೀವು ಕೇಳಿಯೇ ಇರುತ್ತೀರಿ. ಅದೇ ಶಾಸ್ತ್ರಕಾರರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ: ಕಂಡದ್ದು ಹೊಗೆಯೋ ಮಂಜೋ ಎಂಬ ಸಂಶಯವಿದ್ದರೆ ಆ ನಿರ್ಣಯ ನಿಲ್ಲದು.

ನಮ್ಮ ರಾಜ್ಯಾಂಗದ ಅರ್ಥವಿಚಾರದಲ್ಲಿ ಬಂದ ದೊಡ್ಡ ತೊಡಕು ಈ ಬಗೆಯದೇ. ಮೂಲಭೂತ ಹಕ್ಕುಗಳನ್ನು ಕಸಿಯುವ ಅಥವಾ ಮೊಟಕುಮಾಡುವ ಕಾನೂನನ್ನು ಮಾಡಕೂಡದು, ಮಾಡಿದರೆ ಆ ಮಟ್ಟಿಗೆ ಅದು ಅಸಿಂಧು ಎನ್ನುತ್ತದೆ 13ನೆಯ ವಿಧಿ. ರಾಜ್ಯಾಂಗವನ್ನು ತಿದ್ದುವ ಕ್ರಮವನ್ನು 368ನೆಯ ವಿಧಿ ಹೇಳುತ್ತದೆ. ಪಾರ್ಲಿಮೆಂಟು ರಾಜ್ಯಾಂಗವನ್ನೇ ತಿದ್ದಿ ಹಕ್ಕನ್ನು ಮೊಟಕುಮಾಡಿದರೆ? ಆ ತಿದ್ದುಪಡಿಯೂ ‘ಕಾನೂನು’ ತಾನೇ?

ಅಲ್ಲ, ಆ ಮಾತಿಗೆ ಸಾಮಾನ್ಯ ಶಾಸನವೆಂದಷ್ಟೇ ಅರ್ಥ ಎಂದಿತು ಸುಪ್ರೀಂ ಕೋರ್ಟು, 1951ರಲ್ಲಿ, ಶಂಕರಿ ಪ್ರಸಾದ್ ಮೊಕದ್ದಮೆಯಲ್ಲಿ. 1967ರ ಗೋಲಕನಾಥ್ ಮೊಕದ್ದಮೆಯಲ್ಲಿ 11 ಮಂದಿ ನ್ಯಾಯಾಧೀಶರ ಪೈಕಿ 6 ಮಂದಿ, ಹೌದು, ಅದೂ ಕಾನೂನೇ ಎಂದರು. ಎರಡು ತೀರ್ಪುಗಳಲ್ಲೂ ತರ್ಕದ ಕೊಂಡಿ ಕಳಚಿಲ್ಲ. ಒಬ್ಬರಿಗೆ ಮಂಜಾಗಿ ಕಂಡದ್ದು ಇನ್ನೊಬ್ಬರಿಗೆ ಹೊಗೆಯಾಗಿ ಕಂಡಿತು, ಅಷ್ಟೆ. 1971ರ 24ನೆಯ ತಿದ್ದುಪಡಿಯು, 13ನೆಯ ವಿಧಿ ಇಂಥ ತಿದ್ದುಪಡಿಗಳಿಗೆ ಅನ್ವಯಿಸದೆಂದು ಬರೆದು ಆ ಪದದ ವಿವಾದವನ್ನು ಮುಗಿಸಹೊರಟಿತು.

ಹಾಗಾದರೆ ಹಕ್ಕುಗಳ ಗತಿಯೇನು? ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನಿನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಈ ಪ್ರಶ್ನೆ ಮತ್ತೆ ಎದ್ದಿತು. 1973ರ ಏಪ್ರಿಲ್ 24ರಂದು 13 ಮಂದಿಯ ಪೀಠವು 7 ಮಂದಿಯ ಬಹುಮತದಿಂದ ತೀರ್ಪಿತ್ತಿತು: ಪಾರ್ಲಿಮೆಂಟು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ರಾಜ್ಯಾಂಗದ ಮೂಲ ರಚನೆಯನ್ನು ಕೆಡಿಸಕೂಡದು. ಈ ಸಲ ತೂಗಿ ನೋಡಿದ ಪದ ‘ತಿದ್ದುಪಡಿ’. ಶಾಲೆಯಲ್ಲಿ ಹುಡುಗನ ಪ್ರಬಂಧವನ್ನು ತಿದ್ದುವಾಗ ಕಾಗುಣಿತವನ್ನು ಸರಿಪಡಿಸುತ್ತೇವೆ, ಬೇಡದ ವಾಕ್ಯವನ್ನು ಹೊಡೆದುಹಾಕುತ್ತೇವೆ. ಆದರೂ ಅದು ಅವನ ಪ್ರಬಂಧವಾಗಿಯೇ ಉಳಿಯಬೇಕು. ಹಾಳೆಯನ್ನೇ ಹರಿದು ಬೇರೊಂದನ್ನು ಬರೆದುಕೊಟ್ಟರೆ ಅದನ್ನು ತಿದ್ದಿದ್ದೆಂದು ಯಾರೂ ಕರೆಯರು.

‘ಮೂಲ ರಚನೆ’ ಎಂಬ ಮಾತು ರಾಜ್ಯಾಂಗದಲ್ಲಿ ಎಲ್ಲಿದೆ ಎಂದು ಕೇಳುವವರುಂಟು. ಆ ಆಕ್ಷೇಪ ಹಗುರವಾದುದಲ್ಲ. ತರ್ಕವು ನಡೆದ ದಾರಿಯಲ್ಲಿನ ತಪ್ಪನ್ನು ತೋರಿಸಬಲ್ಲುದು. ಹೊರಟ ಪದದ ಅರ್ಥವನ್ನು ಗ್ರಂಥದ ಒಟ್ಟು ತಾತ್ಪರ್ಯದಿಂದಲೇ ಹಿಡಿಯಬೇಕಾಗುತ್ತದೆ. ಅಲ್ಲಿ ಬಲ್ಲವರಲ್ಲೂ ಭಿನ್ನಮತ ಸಹಜ.

ಆದುದರಿಂದ ಮುಂದೆ ರೇಡಿಯೋದಲ್ಲಿ ತೀರ್ಪೊಂದರ ಸುದ್ದಿ ಬಂದಾಗ, ಯಾರು ಗೆದ್ದರೆಂದು ತಿಳಿದಷ್ಟಕ್ಕೇ ತೃಪ್ತರಾಗದಿರಿ. ಯಾವ ಪದಕ್ಕೆ ಯಾವ ಅರ್ಥ ಮಾಡಿದರೆಂಬುದನ್ನೂ ವಿಚಾರಿಸಿ. ನಿಮ್ಮ ಹಕ್ಕು ಆ ಒಂದು ಪದದ ಮೇಲೆ ನಿಂತಿರಬಹುದು.